ಕಂಪ್ಯೂಟರ್ ಪ್ರಶ್ನೋತ್ತರ: ದೊಡ್ಡ ಬಿ, ಚಿಕ್ಕ ಬಿ ಮತ್ತು ಇಲಿ ಕಡಿದ ಕೇಬಲ್

ಪ್ರಶ್ನೆ: ನಮ್ಮದು 100 ಎಂಬಿಪಿಎಸ್ ಪ್ಲಾನ್. ಫೈಲ್ ಡೌನ್‌ಲೋಡ್ ಮಾಡುವಾಗ ಮಾತ್ರ 11, 12 ಅಂತಲೇ ತೋರಿಸುತ್ತದೆ. ನಮಗೆ ಮೋಸ ಆಗಿದೆಯಾ? (ಹಾವೇರಿಯ ಓದುಗರು)

ಉತ್ತರ: ಮೋಸ ಆಗಿಲ್ಲ, ಜಗಳಕ್ಕೆ ಹೋಗಬೇಡಿ. ಪ್ಲಾನ್ ಹೇಳುವುದು ಬಿಟ್ ಲೆಕ್ಕ, ಡೌನ್‌ಲೋಡ್ ತೋರಿಸುವುದು ಬೈಟ್ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ದಾರಿಖರ್ಚು ಸ್ವಲ್ಪ ಕಳೆದು 11-12 ಸಿಗುತ್ತಿದೆ ಅಂದರೆ ನಿಮಗೆ ಪೂರ್ತಿ ಸ್ಪೀಡ್ ಬರುತ್ತಿದೆ. ಇಂಗ್ಲಿಷಿನಲ್ಲಿ ಬಿಟ್‌ಗೆ ಚಿಕ್ಕ ಬಿ, ಬೈಟ್‌ಗೆ ದೊಡ್ಡ ಬಿ ಬರೆಯುತ್ತಾರೆ. ಒಂದು ಅಕ್ಷರದ ಗಾತ್ರದಲ್ಲಿ ಎಂಟು ಪಟ್ಟು ವ್ಯತ್ಯಾಸ!

ಪ್ರಶ್ನೆ: ರೌಟರ್ ಜಗಲಿಯಲ್ಲಿದೆ. ಹಿಂದಿನ ಕೋಣೆಯಲ್ಲಿ ಮಗಳು ಓದುತ್ತಾಳೆ, ಅಲ್ಲಿ ವೈಫೈ ಸಿಗುವುದಿಲ್ಲ. ಡ್ಯುಯಲ್ ಬ್ಯಾಂಡ್ ರೌಟರ್ ತಂದರೆ ದೂರ ಹೋಗುತ್ತದೆ ಅಂತಾರೆ. ತರಲಾ? (ಸಾಗರದ ಓದುಗರು)

ಉತ್ತರ: ಸ್ವಲ್ಪ ತಾಳಿ. ಡ್ಯುಯಲ್ ಬ್ಯಾಂಡ್ ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬಗೆಯ ರೇಡಿಯೋ ಅಲೆ, ಎರಡರಲ್ಲೂ ಕೆಲಸ ಮಾಡುವ ರೌಟರ್. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಮ್ಮಿ. ನಮ್ಮ ಕಡೆಯ ದಪ್ಪ ಮಣ್ಣಿನ ಗೋಡೆ, ಚಿರೆಕಲ್ಲಿನ ಗೋಡೆ ಎರಡು ಅಡ್ಡ ಬಂದರೆ ಅದು ಅಲ್ಲೇ ಸೋತುಬಿಡುತ್ತದೆ. ಹಾಗಾಗಿ ದೂರಕ್ಕೆ ಅಂತ ಸುಮ್ನೆ ದುಡ್ಡು ಹಾಕಬೇಡಿ. ಹಿಂದಿನ ಕೋಣೆಯವರೆಗೆ ಒಂದು ಎತರ್ನೆಟ್ ಕೇಬಲ್ ಎಳೆಸಿ. ಅದು 100 ಮೀಟರ್‌ವರೆಗೂ ನಡೆಯುತ್ತದೆ. ಮನೆಯಲ್ಲಿ ಇನ್ನೊಂದು ಹಳೇ ರೌಟರ್ ಇದ್ದರೆ ತುದಿಗೆ ಅದನ್ನೇ ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಮಾಡಿ ಹಂಚುವ ಪೆಟ್ಟಿಗೆ) ಮಾಡಿ ಇಡಬಹುದು.

ಕೇಬಲ್ ವಿಷಯ ಬಂತಲ್ಲ, ಒಂದು ಸಂಗತಿ ಹೇಳಲೇಬೇಕು. ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರ ಒಂದು ಮನೆಗೆ ರಿಪೇರಿಗೆ ಹೋಗಿದ್ದೆ. 300ರ ಪ್ಲಾನ್, ಕಂಪ್ಯೂಟರಿನಲ್ಲಿ 95ರ ಮೇಲೆ ಏರುತ್ತಲೇ ಇರಲಿಲ್ಲ. ಯಾರದೋ ಮಾತು ಕೇಳಿ ಹೊಸ ರೌಟರೂ ತಂದಾಗಿತ್ತು. ಕಪಾಟಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿದೆ. ತುದಿಯಿಂದ ಒಂದು ಗೇಣು ಹಿಂದೆ ಇಲಿ ಹಲ್ಲು ಊರಿತ್ತು. ಮೇಲಿನ ಸಿಪ್ಪೆ ಹರಿದು, ಕಂದು ಬಣ್ಣದ ಎಳೆ ತುಂಡಾಗಿತ್ತು, ಉಳಿದ ಏಳೂ ಗಟ್ಟಿಯಾಗಿದ್ದವು. ಈ ಕೇಬಲ್ ಒಳಗೆ 8 ಎಳೆ, ಎರಡೆರಡು ಹೊಸೆದ 4 ಜೋಡಿ. 100ರ ಸ್ಪೀಡಿಗೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಅದರ ಮೇಲಿನ ಮೆಟ್ಟಿಲಾದ 1000ಕ್ಕೆ ನಾಲ್ಕೂ ಬೇಕು. ಒಂದು ಎಳೆ ಹೋದದ್ದಕ್ಕೆ ಎರಡೂ ಕಡೆಯ ಯಂತ್ರಗಳು 100ಕ್ಕೆ ಇಳಿದು ಕೂತಿದ್ದವು. ಆ ಗೇಣುದ್ದ ಕತ್ತರಿಸಿ, ಹೊಸ ಆರ್‌ಜೆ-45 ಪ್ಲಗ್ ಒತ್ತಿದೆ. ಅಷ್ಟೇ ಕೆಲಸ. ಆ ಮನೆಯವರ ರೌಟರ್ ದುಡ್ಡು ದಂಡವಾಯಿತಲ್ಲ, ನನಗೆ ಅದು ಈಗಲೂ ಬೇಜಾರು. ನೀವು ಕೇಬಲ್ ಎಳೆಸುವಾಗ ಪೈಪಿನೊಳಗೇ ಹಾಕಿಸಿ.

ಪ್ರಶ್ನೆ: ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ಹಳೇ ತಾರೀಖು ಬರುತ್ತದೆ. ಬ್ಯಾಂಕಿನ ವೆಬ್‌ಸೈಟ್ ತೆರೆದರೆ ಸುರಕ್ಷಿತವಲ್ಲ ಅನ್ನುತ್ತದೆ. ವೈರಸ್ಸಾ? (ಗದಗಿನ ಶಿಕ್ಷಕಿ)

ಉತ್ತರ: ನೀವು ಹೇಳಿದ ಲಕ್ಷಣ ನೋಡಿದರೆ ವೈರಸ್ ಅಲ್ಲ, ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಮುಗಿದಿದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ವೆಬ್‌ಸೈಟ್ ಅಸಲಿ ಅಂತ ತೋರಿಸುವ ಸರ್ಟಿಫಿಕೇಟಿಗೆ ಶುರುವಿನ ದಿನ, ಮುಗಿಯುವ ದಿನ ಎರಡೂ ಇರುತ್ತವೆ. ನಿಮ್ಮ ಕಂಪ್ಯೂಟರ್ ಇನ್ನೂ ಹಳೇ ವರ್ಷದಲ್ಲಿದೆ, ಹಾಗಾಗಿ ನಂಬುವುದಿಲ್ಲ. ಸಾಮಾನ್ಯವಾಗಿ ಬೇಕಾಗುವುದು 3 ವೋಲ್ಟಿನ ಸಿಆರ್ 2032. ಅಗಲ 20 ಮಿಲಿಮೀಟರ್, ದಪ್ಪ 3.2, ಅದಕ್ಕೇ ಆ ಹೆಸರು. ಪ್ಲಗ್ ತೆಗೆದು ಬದಲಿಸಿ, ಆಮೇಲೆ ತಾರೀಖು ಸರಿ ಮಾಡಿ.

ಪ್ರಶ್ನೆ: ಗುಡುಗು ಬಂದಾಗ ಫೈಬರ್ ವೈರನ್ನೂ ಕಳಚಬೇಕಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಅದನ್ನು ಮುಟ್ಟಬೇಡಿ. ಫೈಬರ್ ಎಳೆ ಗಾಜಿನದು, ಅದರಲ್ಲಿ ಹೋಗುವುದು ಬೆಳಕು, ಕರೆಂಟ್ ಅಲ್ಲ. ಕಂಬದಿಂದ ಅದರ ಜೊತೆ ಬರುವ ಉಕ್ಕಿನ ತಂತಿ ಮಾತ್ರ ಗೋಡೆಯ ಹೊರಗೇ ನಿಂತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ಸಿಡಿಲಿನ ಪೆಟ್ಟು ಒಳಗೆ ಬರುವುದು ರೌಟರಿನ ಕರೆಂಟ್ ಅಡಾಪ್ಟರ್ ದಾರಿಯಲ್ಲಿ. ಅಲ್ಲಿಂದ ತಾಮ್ರದ ಕೇಬಲ್ ಹಿಡಿದು ಕಂಪ್ಯೂಟರಿಗೂ ಹೋಗುತ್ತದೆ. ಮೋಡ ಕಟ್ಟುತ್ತಿರುವಾಗಲೇ, ಗುಡುಗು ಹತ್ತಿರ ಬರುವ ಮೊದಲೇ, ಅವೆರಡನ್ನೂ ಕಿತ್ತಿಡಿ. ಫೈಬರ್ ಪದೇ ಪದೇ ಕಳಚಿದರೆ ತುದಿಗೆ ಧೂಳು ಕೂತು ಸಿಗ್ನಲ್ ಕೆಡುತ್ತದೆ. ಎಂದಾದರೂ ಕಳಚಿದರೆ ಆ ತುದಿಯೊಳಗೆ ಇಣುಕಿ ನೋಡಬೇಡಿ, ಮಕ್ಕಳಿಗೂ ಕೊಡಬೇಡಿ. ಅದರಿಂದ ಬರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.