ದಿನ 24, ಪಟ್ಟಿಯಲ್ಲಿ 27

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಓದುತ್ತಿದ್ದೇನೆ. ಸ್ಟಾಟಿಸ್ಟಿಕ್ಸ್ ಪ್ರಾಜೆಕ್ಟಿಗೆ ಅಂತ, ಬನಶಂಕರಿ ಬಸ್ ನಿಲ್ದಾಣದಲ್ಲಿ ಮೆಜೆಸ್ಟಿಕ್ ಬಸ್ಸಿಗೆ ಎಷ್ಟು ನಿಮಿಷ ಕಾದೆ ಎಂದು 24 ದಿನ ಬರೆದಿಟ್ಟೆ: 4, 12, 7, 3, 15, 9, 11, 6, 38, 8, 13, 5, 17, 10, 2, 14, 7, 22, 9, 12, 6, 19, 8, 11. ಇವನ್ನು 0–5, 5–10, 10–15 ಹೀಗೆ ಗುಂಪು ಮಾಡಿದರೆ ಒಟ್ಟು 27 ಬರುತ್ತಿದೆ. ಕಂಪ್ಯೂಟರಿನಲ್ಲಿ ಹಾಕಿದ ಗ್ರಾಫಿನ ಕಂಬಗಳ ನಡುವೆ ಸಂದು ಇದೆ ಅಂತ ಲೆಕ್ಚರರ್ ವಾಪಸ್ ಕೊಟ್ಟರು. ಆ 38 ಬೇರೆ ಒಂದೇ ದೂರ ಹೋಗಿ ಕೂತಿದೆ. ಅವತ್ತು ಜೋರು ಮಳೆ, ಕನಕಪುರ ರಸ್ತೆ ಪೂರ್ತಿ ಜಾಮ್. ಅದನ್ನು ತೆಗೆದುಬಿಡು ಅನ್ನುತ್ತಾಳೆ ಗೆಳತಿ. ಏನು ಮಾಡಲಿ?
— ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ನೋಡಮ್ಮ, 24 ದಿನ ಬಿಡದೆ ಬರೆದಿಟ್ಟಿದ್ದೀಯಲ್ಲ, ಕಷ್ಟದ ಕೆಲಸ ಅದೇ. ಅದು ಮುಗಿದಿದೆ.

ಮೊದಲು 27ರ ವಿಷಯ. ನಿನ್ನ ಅಂಕಿಗಳಲ್ಲಿ 5, 10, 15 ಒಂದೊಂದು ಸಲ ಇವೆ. 0–5ರಲ್ಲೂ 5 ಎಣಿಸಿದ್ದೀಯ, 5–10ರಲ್ಲೂ ಎಣಿಸಿದ್ದೀಯ. 10, 15ಕ್ಕೂ ಹಾಗೇ ಆಗಿದೆ. ಮೂರು ಜಾಸ್ತಿ ಬಂದಿದ್ದು ಅಲ್ಲಿಂದ. 0–5 ಅಂದರೆ 5 ಮುಟ್ಟುವ ಮೊದಲಿನವರೆಗೆ ಮಾತ್ರ. 5 ಮುಂದಿನ ಗುಂಪಿಗೆ ಸೇರಬೇಕು. ಈಗ ಮತ್ತೆ ಎಣಿಸು. ಪಟ್ಟಿಯ ಮೊದಲ ಅಂಕಿಯಿಂದ ಶುರು ಮಾಡಿ, ಒಂದೊಂದಕ್ಕೂ ಅದರ ಗುಂಪಿನ ಎದುರು ಒಂದು ಗೆರೆ ಎಳಿ. ನಾಲ್ಕು ಗೆರೆ ಆದಮೇಲೆ ಐದನೆಯದನ್ನು ಅಡ್ಡ ಹಾಕು. 3, 9, 7, 3, 1, 0, 0, 1 ಬರಬೇಕು. ಕೂಡಿದರೆ 24.

ಇನ್ನೊಂದು ದಾರಿಯೂ ಇದೆ, ನನಗೆ ಅದು ತುಂಬಾ ಇಷ್ಟ. ಜಾನ್ ಟ್ಯೂಕಿ ಎಂಬ ಅಮೆರಿಕದ ವಿಜ್ಞಾನಿ ಬಳಕೆಗೆ ತಂದ ಕಾಂಡ–ಎಲೆ ಪಟ್ಟಿ. ಎಡಕ್ಕೆ ಹತ್ತರ ಸ್ಥಾನ, ಒಂದು ಗೆರೆ, ಬಲಕ್ಕೆ ಬಿಡಿ ಸ್ಥಾನ:

0 | 2 3 4 5 6 6 7 7 8 8 9 9
1 | 0 1 1 2 2 3 4 5 7 9
2 | 2
3 | 8

ಅಂಕಿ ಒಂದೂ ಕಳೆದಿಲ್ಲ, ಆದರೂ ಚಿತ್ರ ಕಾಣುತ್ತಿದೆ ಅಲ್ವಾ? ಪುಸ್ತಕವನ್ನು ಅಡ್ಡ ತಿರುಗಿಸಿ ನೋಡು, ಗ್ರಾಫೇ ಆಗಿಬಿಟ್ಟಿದೆ.

ಇನ್ನು ಸಂದು. 1786ರಲ್ಲಿ ವಿಲಿಯಂ ಪ್ಲೇಫೇರ್ ಎಂಬಾತ ಸ್ಕಾಟ್ಲೆಂಡ್ ಯಾವ ಯಾವ ದೇಶದ ಜತೆ ಎಷ್ಟು ವ್ಯಾಪಾರ ಮಾಡಿತು ಎಂದು ಕಂಬಗಳಲ್ಲಿ ತೋರಿಸಿದ. ಒಂದೊಂದು ಕಂಬವೂ ಒಂದೊಂದು ದೇಶದ್ದು. ಅಂಥ ಬಾರ್ ಚಾರ್ಟಿನಲ್ಲಿ ಸಂದು ಇದ್ದರೇ ಚೆಂದ. ನಿನ್ನದು ಸಮಯ. ಐದನೇ ನಿಮಿಷ ಆರಕ್ಕೆ ಹರಿಯುತ್ತದೆ, ನಡುವೆ ಬಿಡುವಿಲ್ಲ. ಅದಕ್ಕೇ ಕಂಬಗಳು ಒಂದಕ್ಕೊಂದು ಅಂಟಿರಬೇಕು. ಇದಕ್ಕೆ ಹಿಸ್ಟೋಗ್ರಾಂ ಎಂಬ ಹೆಸರು ಕೊಟ್ಟವರು ಕಾರ್ಲ್ ಪಿಯರ್ಸನ್. ಎಕ್ಸೆಲ್‌ನಲ್ಲಾದರೆ ಕಂಬದ ಮೇಲೆ ರೈಟ್ ಕ್ಲಿಕ್ ಮಾಡಿ ಗ್ಯಾಪ್ ವಿಡ್ತ್ ಸೊನ್ನೆಗೆ ತಾ. ಅಷ್ಟೇ.

38ರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಾನು ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗಿ ಗಾಂಧಿ ಬಜಾರಿನಲ್ಲಿ ದಿನಾ ಒಂದು ಮೊಳ ಮಲ್ಲಿಗೆಯ ಬೆಲೆ ಕೇಳಿ ಬರೆದು ತಂದಿದ್ದಳು. ಒಂದು ಬೆಲೆ ಉಳಿದವುಗಳ ಮೂರರಷ್ಟಿತ್ತು. ತಪ್ಪು ಬರೆದಿದ್ದೀಯ ಅಂತ ಹೇಳಿ ಕೆಂಪು ಇಂಕಿನಲ್ಲಿ ಹೊಡೆದು ಹಾಕಿದೆ. ಅವಳು ತಲೆ ತಗ್ಗಿಸಿ ನಿಂತು, "ಮೇಡಂ, ಅವತ್ತು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ" ಅಂದಳು. ಅಷ್ಟೂ ಅಂಕಿಗಳಲ್ಲಿ ಹೂವಿನ ಮಾರುಕಟ್ಟೆಯ ಗುಟ್ಟು ಹೇಳುತ್ತಿದ್ದದ್ದು ಅದೊಂದೇ. ಅದನ್ನೇ ನಾನು ಅಳಿಸಿದ್ದೆ. ಆ ಕೆಂಪು ಗೆರೆ ಇನ್ನೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬರೆಯುವಾಗ ಕೈತಪ್ಪಿ 8 ಹೋಗಿ 38 ಆಗಿದ್ದರೆ ತಿದ್ದು. ನೀನು ನಿಜವಾಗಿ ಕಾದಿದ್ದರೆ ಅದನ್ನು ತೆಗೆಯುವ ಹಕ್ಕು ಯಾರಿಗೂ ಇಲ್ಲ. 38 ಸೇರಿಸಿದರೆ ಸರಾಸರಿ ಸುಮಾರು 11.2 ನಿಮಿಷ, ಬಿಟ್ಟರೆ ಸರಿಯಾಗಿ 10. ಮಧ್ಯಾಂಕ, ಅಂದರೆ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ, ಮಾತ್ರ 9.5ರಿಂದ 9ಕ್ಕೆ ಇಳಿಯುತ್ತದೆ, ಅಷ್ಟೇ. 38 ಸೇರಿಸಿದ ಲೆಕ್ಕ, ಬಿಟ್ಟ ಲೆಕ್ಕ ಎರಡನ್ನೂ ವರದಿಯಲ್ಲಿ ಬರೆ. ಓದಿದವರಿಗೆ ಮಳೆಯ ಒಂದು ದಿನ ಎಷ್ಟು ಎಳೆಯಿತು ಅಂತ ಗೊತ್ತಾಗಲಿ.

ಕೆಲವರು ಜಾಗ ಉಳಿಸಲು "20ಕ್ಕಿಂತ ಹೆಚ್ಚು" ಅಂತ ಒಂದೇ ಕಂಬದಲ್ಲಿ 22, 38 ಎರಡನ್ನೂ ತುಂಬುತ್ತಾರೆ. ನೀನು ಹಾಗೆ ಮಾಡಬೇಡ. 25ರಿಂದ 35ರವರೆಗಿನ ಎರಡು ಗುಂಪು ಖಾಲಿ ಇವೆ, ಖಾಲಿಯಾಗಿಯೇ ಬಿಡು. ಆಚೆ 35–40ರ ಪುಟ್ಟ ಕಂಬದ ಮೇಲೆ ಪೆನ್ಸಿಲಿನಲ್ಲಿ "ಮಳೆ, ಕನಕಪುರ ರಸ್ತೆ ಜಾಮ್" ಅಂತ ಬರೆದು, ನಾಳೆಯೇ ಲೆಕ್ಚರರಿಗೆ ತೋರಿಸು.