ಸಣ್ಣ ಹಾಲ್‌ನ ಲೈವ್ ಶೋನಲ್ಲಿ ಎಲ್ಲಿ ನಿಂತರೆ ಹಾಡು ಚೆನ್ನಾಗಿ ಕೇಳಿಸುತ್ತದೆ?

ಸೌಂಡ್ ಇಂಜಿನಿಯರ್ ಮಿಕ್ಸರ್ ಇಟ್ಟುಕೊಂಡಿರುವ ಜಾಗದ ಹತ್ತಿರ, ಅವರಿಗೆ ಅಡ್ಡ ಬಾರದ ಹಾಗೆ ನಿಲ್ಲಿ. ಅವರು ತಮ್ಮ ಕಿವಿಗೆ ಬೀಳುವುದನ್ನು ಕೇಳಿಕೊಂಡೇ ದನಿ, ಗಿಟಾರ್, ಡ್ರಮ್ ಎಲ್ಲವನ್ನೂ ಹದಕ್ಕೆ ತರುತ್ತಾರೆ. ಅಲ್ಲಿ ನಿಂತವರಿಗೂ ಅದೇ ಹದ ಸಿಗುತ್ತದೆ.

ವೇದಿಕೆಗೆ ಅಂಟಿಕೊಂಡು ನಿಂತರೆ ಲೆಕ್ಕ ತಪ್ಪುತ್ತದೆ. ಡ್ರಮ್ ಮತ್ತು ಗಿಟಾರ್ ಸದ್ದು ನೇರವಾಗಿ ಕಿವಿಗೆ ಬಡಿಯುತ್ತದೆ. ಹಾಡುವವರ ದನಿ ಮಾತ್ರ ಎರಡು ಬದಿಯ ದೊಡ್ಡ ಸ್ಪೀಕರ್‌ಗಳಿಂದ ಬರಬೇಕು. ಅವು ಹಿಂದಿನ ಜನರ ಕಡೆ ಮುಖ ಮಾಡಿರುತ್ತವೆ. ಹಾಗಾಗಿ ಸಿಂಬಲ್ಸ್ (ಡ್ರಮ್ ಜೊತೆಗಿನ ಲೋಹದ ತಟ್ಟೆಗಳು) ಸದ್ದು ಕಿವಿ ಕೊರೆಯುತ್ತದೆ, ಸಾಹಿತ್ಯ ಅರ್ಧಂಬರ್ಧ ಕೇಳಿಸುತ್ತದೆ.

ಹಿಂದಿನ ಗೋಡೆ, ಅದರಲ್ಲೂ ಮೂಲೆ, ಬೇಡವೇ ಬೇಡ. 50 ಹರ್ಟ್ಸ್‌ನ ಬೇಸ್ (ತಗ್ಗು ಸ್ವರದ ಸದ್ದು) ಅಲೆ ಸುಮಾರು 7 ಮೀಟರ್ ಉದ್ದ ಇರುತ್ತದೆ. ಅದು ಗೋಡೆಗೆ ಬಡಿದು ವಾಪಸ್ ಬರುವಾಗ, ಎದುರು ಬರುವ ಅಲೆಯ ಜೊತೆ ಗೋಡೆಯ ಹತ್ತಿರವೇ ಸೇರಿಕೊಂಡು ಬೇಸ್ ಜೋರಾಗಿ ಗುಂಯ್‌ಗುಡುತ್ತದೆ. ಮೂಲೆಯಲ್ಲಿ ಎರಡು ಗೋಡೆ, ಅಂದರೆ ಗುಂಯ್‌ಗುಡುವುದು ಇನ್ನೂ ಜಾಸ್ತಿ.

ಮೈಕ್ ಇಲ್ಲದ ಕಛೇರಿಯಾದರೆ ಧಾರಾಳವಾಗಿ ಮುಂದೆ ಕೂರಿ. ಜೋರು ಬ್ಯಾಂಡ್ ಆದರೂ ವಾದಕರ ಬೆರಳಾಟ ಹತ್ತಿರದಿಂದ ನೋಡುವ ಆಸೆ ಇರುತ್ತದೆ, ಅಲ್ವಾ? ಆಗ ಇಯರ್‌ಪ್ಲಗ್ ಹಾಕಿಕೊಳ್ಳಿ. 100 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಸುಮಾರು 15 ನಿಮಿಷವಷ್ಟೇ ಸುರಕ್ಷಿತ ಎನ್ನುತ್ತಾರೆ ತಜ್ಞರು.