ಮಗಳು ಆಡೋಕೆ ಹೋಗ್ತಿದಾಳೆ, ಹಣ ಹೇಗೆ ಕೇಳೋದು?

ಪ್ರಶ್ನೆ: ಅಕ್ಕಾ, ನನ್ನ ಮಗಳಿಗೆ 17 ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಪವರ್ ವೀಲ್‌ಚೇರ್‌ನಲ್ಲಿ ಕೂತು ಬೋಚಿಯಾ ಆಡುತ್ತಾಳೆ, ಚೆಂಡನ್ನು ಬಿಳಿ ಚೆಂಡಿನ ಹತ್ತಿರ ನಿಲ್ಲಿಸೋ ಆಟ ಅದು. ಅವಳದು ಬಿಸಿ3, ಕೈಯಿಂದ ಚೆಂಡು ಎಸೆಯಲಾಗದವರ ವಿಭಾಗ. ಹೊರದೇಶದ ಪಂದ್ಯಕ್ಕೆ ಆಯ್ಕೆಯಾಗಿದ್ದಾಳೆ. ಆದರೆ ಖರ್ಚೆಲ್ಲ ನಮ್ಮದೇ. ಅವಳಿಗೂ ನನಗೂ ಸೇರಿ 5 ಲಕ್ಷದ ಹತ್ತಿರ ಬೇಕು. ಊರ ಮುಂದೆ ಕೈ ಚಾಚೋದು ಬೇಡ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಅವಳು ಕಷ್ಟಪಡೋ ವಿಡಿಯೋ ಹಾಕಿ, ದುಡ್ಡು ತಾನಾಗೇ ಬರುತ್ತೆ ಅಂತ ಪರಿಚಯದವರೊಬ್ಬರು ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಆ ವಿಡಿಯೋ ಹಾಕಬೇಡಿ ಅಮ್ಮಾ. ನಾನು ಅಂಥದ್ದೇ ತಪ್ಪು ಮಾಡಿದ್ದೇನೆ.

ನನ್ನ ತಮ್ಮನೂ ಬಿಸಿ3 ಆಟಗಾರ. ಅವನ ರ‍್ಯಾಂಪ್ (ಚೆಂಡು ಉರುಳಿಸುವ ಇಳಿಜಾರು ಹಲಗೆ) ಹಿಡಿಯುವವಳು ನಾನು. ಮೊದಲ ಸಲ ಹೊರದೇಶಕ್ಕೆ ಹೊರಟಾಗ ಅವನು ಆಸ್ಪತ್ರೆಯಲ್ಲಿದ್ದ ಹಳೇ ಫೋಟೋ ಹಾಕಿ, 'ದಯವಿಟ್ಟು ಸಹಾಯ ಮಾಡಿ' ಅಂತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೆ. ಎರಡೇ ದಿನದಲ್ಲಿ ಅದು ಸುತ್ತಿ ಸುತ್ತಿ ಅವನ ಫೋನಿಗೇ ಬಂತು. "ಅಕ್ಕ, ನಾನು ಆಡೋಕೆ ಹೋಗ್ತಿರೋದು. ಇದನ್ನ ಓದಿದವರು ನಾನು ಸಾಯ್ತಿದೀನಿ ಅಂದ್ಕೋತಾರೆ" ಅಂದ. ಅವತ್ತೇ ಅಳಿಸಿದೆ. ಅಷ್ಟರಲ್ಲಿ ಎಷ್ಟು ಜನರ ಫೋನಿಗೆ ಹೋಗಿತ್ತೋ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಆಮೇಲೆ ಅವನು ಹೇಳುತ್ತಾ ಹೋದ, ನಾನು ಪಟ್ಟಿ ಬರೆದೆ. ಟಿಕೆಟ್, ವೀಸಾ, ಪ್ರಯಾಣದ ವಿಮೆ, ವೀಲ್‌ಚೇರ್ ಹತ್ತುವಂಥ ಬಾಡಿಗೆ ಗಾಡಿ, ಒಂದು ಸೆಟ್ ಚೆಂಡು. ಒಂದೊಂದರ ಎದುರಿಗೂ ಬೆಲೆ. ಆ ಹಾಳೆ ಹಿಡಿದುಕೊಂಡು ಹೋದಾಗ ಜನ ಮಾತಾಡುವ ರೀತಿಯೇ ಬದಲಾಯಿತು. ನಮ್ಮೂರ ಹಾಲಿನ ಸೊಸೈಟಿಯವರು "ವೀಸಾ ಖರ್ಚು ನಮಗಿರಲಿ" ಅಂದರು. ಅವನ ಹೈಸ್ಕೂಲಿನ ಗೆಳೆಯರು ಸೇರಿ ಚೆಂಡು ಕೊಡಿಸಿದರು. ಯಾವ ಚೆಂಡು ಅಂತ ಅವನ ಜೊತೆ ಕೂತು ಗಂಟೆಗಟ್ಟಲೆ ಚರ್ಚೆ ಬೇರೆ! ಕೈ ಚಾಚಿದ ಹಾಗೆ ನಮಗೆ ಅನ್ನಿಸಲೇ ಇಲ್ಲ. ಇದನ್ನು ನಿಮ್ಮ ಯಜಮಾನರಿಗೆ ಓದಿ ಹೇಳಿ.

ಎರಡನೇ ಟಿಕೆಟ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳದೆ ವಿವರಿಸಿ. ಬಿಸಿ3ರಲ್ಲಿ ಚೆಂಡು ಉರುಳುವುದು ರ‍್ಯಾಂಪ್ ಮೇಲಿಂದ. ಅದನ್ನು ಹಿಡಿಯುವ ಸಹಾಯಕರು ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು, ತಿರುಗಿ ನೋಡುವ ಹಾಗಿಲ್ಲ. ಎಡಕ್ಕೆ, ಇನ್ನೂ ಸ್ವಲ್ಪ ಎತ್ತರ, ಎಲ್ಲ ಆಟಗಾರರೇ ಹೇಳಬೇಕು. ಗೆದ್ದರೆ ಸಹಾಯಕರಿಗೂ ಪದಕ ಇದೆ. ನೀವು ಮಗಳನ್ನು ನೋಡಿಕೊಳ್ಳೋಕೆ ಸುಮ್ನೆ ಜೊತೆಗೆ ಹೋಗುತ್ತಿಲ್ಲ, ತಂಡದಲ್ಲಿದ್ದೀರಿ. ಪತ್ರದಲ್ಲಿ ಹಾಗೇ ಬರೆಯಿರಿ.

ಕಂಪನಿಗಳ ಹತ್ತಿರ ಹೋಗುವುದಾದರೆ ಒಂದು ವಿಷಯ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯ 7ನೇ ಅನುಸೂಚಿಯಲ್ಲಿ ಸಿಎಸ್‌ಆರ್ ಹಣ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಬಳಸಬಹುದಾದ ಕೆಲಸಗಳ ಪಟ್ಟಿ ಇದೆ. ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಅದರಲ್ಲಿದೆ. ಬೋಚಿಯಾ 1984ರಿಂದಲೂ ಪ್ಯಾರಾಲಿಂಪಿಕ್ಸ್‌ನಲ್ಲಿದೆ, ಹಾಗಾಗಿ ನೀವು ಧೈರ್ಯವಾಗಿ ಕೇಳಬಹುದು. ಆದರೆ ಸಿಎಸ್‌ಆರ್ ದುಡ್ಡು ನಿಮ್ಮ ಸ್ವಂತ ಖಾತೆಗೆ ಬರುವುದಿಲ್ಲ, ನೋಂದಣಿಯಾದ ಸಂಸ್ಥೆಯ ಮೂಲಕವೇ ಬರಬೇಕು. ತೆರಿಗೆ ರಿಯಾಯಿತಿಗೆ 80ಜಿ ರಸೀದಿ ಕೇಳುವವರ ವಿಷಯದಲ್ಲೂ ಅಷ್ಟೇ. ಮಗಳ ಕ್ಲಬ್ ಅಥವಾ ಟ್ರಸ್ಟ್‌ಗೆ ಈ ನೋಂದಣಿಗಳಿವೆಯಾ ಅಂತ ಮೊದಲು ವಿಚಾರಿಸಿ. ಬೆಂಗಳೂರಿನ ಗೋಸ್ಪೋರ್ಟ್ಸ್ ಫೌಂಡೇಶನ್ ಪ್ಯಾರಾ ಆಟಗಾರರಿಗೆ ನೆರವಾಗುತ್ತದೆ, ಅಲ್ಲಿಗೂ ಬರೆಯಿರಿ. ಇವೆಲ್ಲ ನಿಧಾನದ ದಾರಿ. ಹತ್ತಿರದ ಪಂದ್ಯಕ್ಕೆ ಊರವರೇ ಬೇಗ ಒದಗುತ್ತಾರೆ.

ಇನ್ನು ವೀಲ್‌ಚೇರ್. ನಾವು ಪಟ್ಟಿಯಲ್ಲಿ ಬಿಟ್ಟಿದ್ದೇ ಇದನ್ನು. ವಿಮಾನ ಇಳಿದಾಗ ತಮ್ಮನ ಚೇರ್‌ನ ಜಾಯ್‌ಸ್ಟಿಕ್ ಮುರಿದಿತ್ತು. ಎರಡು ದಿನ ಎರವಲು ತಂದ, ಕೈಯಲ್ಲಿ ತಳ್ಳುವ ಚೇರ್‌ನಲ್ಲಿ ಕೂತ. ಕೂರುವ ಎತ್ತರ ಬದಲಾದರೆ ಚೆಂಡು ತಳ್ಳೋಕೆ ಅವನು ತಲೆಗೆ ಕಟ್ಟಿಕೊಳ್ಳುವ ಕಡ್ಡಿ ಚೆಂಡಿಗೆ ಸರಿಯಾಗಿ ತಾಗುವುದಿಲ್ಲ. ಮೊದಲ ಪಂದ್ಯ ಸೋತ. ಎಷ್ಟು ತಿಂಗಳ ಅಭ್ಯಾಸ, ಅಲ್ವಾ? ಅದಕ್ಕೇ ರಿಪೇರಿಗೆ ಅಂತ ದುಡ್ಡು ಬೇರೆ ಎತ್ತಿಡಿ. ಜಾಯ್‌ಸ್ಟಿಕ್ ಬಿಚ್ಚಲು ಬಂದರೆ ಬಿಚ್ಚಿ ನಿಮ್ಮ ಕೈಚೀಲದಲ್ಲೇ ಇಟ್ಟುಕೊಳ್ಳಿ. ಚೇರನ್ನು ಒಪ್ಪಿಸುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬ್ಯಾಟರಿ ಜೆಲ್‌ದೋ ಲಿಥಿಯಂದೋ ನೋಡಿ. ಬಿಚ್ಚಿ ತೆಗೆಯುವಂಥ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 300 ವ್ಯಾಟ್-ಅವರ್ ಮಿತಿ ಇರುತ್ತದೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲೇ ವಿಮಾನದವರಿಂದ ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ.

ವಿಡಿಯೋ ಬೇಕೇ ಬೇಕು ಅಂದರೆ ಅವಳು ಆಡುವುದನ್ನು ತೆಗೆಯಿರಿ. ಅವಳ ಚೆಂಡು ಹೋಗಿ ಬಿಳಿ ಚೆಂಡಿನ ಪಕ್ಕ ನಿಲ್ಲುತ್ತಲ್ಲ, ಅದು. ಪತ್ರವನ್ನು ಅವಳೇ ಹೇಳಿ ಬರೆಸಲಿ. ಅವಳು ಓದಿ ಹ್ಞೂಂ ಅಂದ ಮೇಲೆ ಕಳಿಸಿ, ನನಗೂ ಒಂದು ಪ್ರತಿ ಕಳಿಸಿ.